ಫ್ಲ್ಯಾಟ್ ಫ್ರೀ ಅಂತೆ, ಮೇಂಟೆನೆನ್ಸ್ ಕಟ್ಟುವುದು ಯಾರು?

ನಿನ್ನೆ ಸಂಜೆ ಮಂಗಳೂರಿನ ಬಿಜೈಯಲ್ಲಿ ಅಮ್ಮನ ಅಪಾರ್ಟ್‌ಮೆಂಟಿನ ಮೀಟಿಂಗ್ ಇತ್ತು. ಹೋಗಿ ಬಂದ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಕಟ್ಟಡ ನಿಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ಲಿಫ್ಟ್ ಇಲ್ಲ, ಮೊಸಾಯಿಕ್ ನೆಲ, ಹಿಂದೆ ಬಾವಿ, ಒಟ್ಟು ಹದಿನಾರು ಮನೆ. ಅದನ್ನು ಕೆಡವಿ ಹದಿನೈದು ಮಾಳಿಗೆಯ ಲಕ್ಸುರಿ ಕಟ್ಟಡ ಎಬ್ಬಿಸುತ್ತೇವೆ ಎಂದು ಒಬ್ಬ ಬಿಲ್ಡರ್ ಬಂದಿದ್ದಾರೆ. ಹಳೆಯ ಮಾಲೀಕರಿಗೆಲ್ಲ ಹೊಸ ಫ್ಲ್ಯಾಟ್, ಒಂದು ಪೈಸೆ ಕೊಡಬೇಕಾಗಿಲ್ಲ.

ಬ್ರೋಷರ್ ಹಂಚಿದರು. ಟೆರೇಸ್ ಮೇಲೆ ಈಜುಕೊಳ, ಜಿಮ್, ಎರಡು ಮಾಳಿಗೆ ಎತ್ತರದ ಲಾಬಿ. ಅಮ್ಮನ ಪಕ್ಕದ ಮನೆಯ ಟೀಚರ್ ಒಂದೇ ಪ್ರಶ್ನೆ ಕೇಳಿದರು: "ತಿಂಗಳ ಮೇಂಟೆನೆನ್ಸ್ ಎಷ್ಟು ಬರ್ತದೆ ಮಾರಾಯ್ರೆ?" ಬಿಲ್ಡರ್ ಕಡೆಯ ಹುಡುಗ, "ಅದೆಲ್ಲ ಆಮೇಲೆ ಅಸೋಸಿಯೇಷನ್‌ನವರು ಸೇರಿ ತೀರ್ಮಾನ ಮಾಡೋದು ಮೇಡಂ" ಅಂದ. ಟೀಚರ್ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಟೀಚರ್ ಸುಮ್ಮನೆ ಬ್ರೋಷರ್ ಮಗುಚಿ, ಪರ್ಸಿನಿಂದ ಪೆನ್ ತೆಗೆದು ಹಿಂದಿನ ಖಾಲಿ ಜಾಗದಲ್ಲಿ ಲೆಕ್ಕ ಹಾಕತೊಡಗಿದರು. ನುಣುಪು ಕಾಗದ, ಶಾಯಿ ಹಿಡಿಯುತ್ತಿರಲಿಲ್ಲ. ಒತ್ತಿ ಒತ್ತಿ ಬರೆದರು. ಹೊಸ ಫ್ಲ್ಯಾಟ್ 1,100 ಚದರಡಿ, ಚದರಡಿಗೆ 4 ರೂಪಾಯಿ, ತಿಂಗಳಿಗೆ 4,400. ಈ 4 ರೂಪಾಯಿ ಅವರ ತಂಗಿ ಇನ್ನೊಂದು ಹೊಸ ಕಟ್ಟಡದಲ್ಲಿ ಈಗ ಕೊಡುತ್ತಿರುವ ದರ. ಇಲ್ಲಿ ನಾವು ಕೊಡುವುದು 900.

ಟೀಚರ್ ಖಾಸಗಿ ಶಾಲೆಯಲ್ಲಿ ಕಲಿಸಿದವರು. ಬರುವುದು ಪಿಎಫ್ ಪಿಂಚಣಿ, ಎರಡು ಸಾವಿರ ಚಿಲ್ಲರೆ. ಇನ್ನು ಆ 1,100 ಚದರಡಿ ಇದೆಯಲ್ಲ, ಅದರಲ್ಲಿ ಲಾಬಿ, ಮೆಟ್ಟಿಲು, ಲಿಫ್ಟ್ ಎಲ್ಲದರ ಪಾಲೂ ಸೇರಿದೆ. ರಿಯಲ್ ಎಸ್ಟೇಟಿನ 2016ರ ರೇರಾ ಕಾಯ್ದೆಯಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಏನು ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದೂ ಬ್ರೋಷರ್‌ನಲ್ಲಿ ಆ ಅಂಕಿಯನ್ನು ಹುಡುಕಿ ಹುಡುಕಿ ಸಾಕಾಯಿತು. ಅಂದರೆ ಟೀಚರ್ ತಾನು ಕಾಲಿಡದ ಜಿಮ್ಮಿಗೂ ಲಾಬಿಯ ದೀಪಕ್ಕೂ ಸಾಯುವವರೆಗೆ ದುಡ್ಡು ಕಟ್ಟುತ್ತಿರಬೇಕು.

ನೀರಿನ ಕಥೆ ಕೇಳಿ. 2019ರಲ್ಲೂ 2023ರಲ್ಲೂ ಮೇ ತಿಂಗಳಲ್ಲಿ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆಲ್ಲ ರೇಷನಿಂಗ್ ಆಯಿತಲ್ಲ, ಆಗ ಈ ಕಟ್ಟಡವನ್ನು ಕಾಪಾಡಿದ್ದು ಹಿಂದಿನ ಬಾವಿ. ಹೊಸ ಪ್ಲಾನಿನಲ್ಲಿ ಬಾವಿ ಮುಚ್ಚಿ ಬೇಸ್‌ಮೆಂಟ್ ಪಾರ್ಕಿಂಗ್ ಬರುತ್ತದೆ. ಮೇಲೆ ಈಜುಕೊಳ, ಕೆಳಗೆ ಬಾವಿ ಇಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಬರಲೇಬೇಕು. ಅದರ ಬಿಲ್ಲೂ ಮೇಂಟೆನೆನ್ಸಿಗೇ ಸೇರುತ್ತದೆ.

ಕಟ್ಟಡ ಹಳತಾಗಿದೆ, ಹೊಸದು ಬೇಕಲ್ವಾ ಅಂತ ನೀವು ಕೇಳಬಹುದು. ಬೇಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸ್ಲ್ಯಾಬಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ, ಅಮ್ಮನ ಅಡುಗೆಮನೆಯ ಮೇಲಿಂದ ಗಾರೆ ಉದುರುತ್ತದೆ. ಮಂಡಿನೋವಿನವರಿಗೆ ಲಿಫ್ಟ್ ಬೇಕೇ ಬೇಕು. ಆದರೆ ಲಿಫ್ಟ್ ಕೇಳಿದವರಿಗೆ ಈಜುಕೊಳ ಯಾಕೆ? ಅದು ಮಾರಾಟಕ್ಕಿಡುವ ಉಳಿದ ಫ್ಲ್ಯಾಟುಗಳಿಗೆ ರೇಟು ಏರಿಸಲಿಕ್ಕೆ. ಆ ಲಾಭ ಬಿಲ್ಡರಿಗೆ ಒಂದು ಸಲ ಬರುತ್ತದೆ. ಖರ್ಚು ಮಾತ್ರ ತಿಂಗಳು ತಿಂಗಳೂ ಟೀಚರಿಗೆ.

"ಕಟ್ಟಲಿಕ್ಕೆ ಆಗದಿದ್ರೆ ಮಾರಿ ಸುರತ್ಕಲ್ ಕಡೆಗೋ ಎಲ್ಲಿಗೋ ಹೋಗಿ, ರೇಟು ಡಬಲ್ ಆಗಿರ್ತದೆ" ಎಂದು ಮೂರನೇ ಮಾಳಿಗೆಯ ಒಬ್ಬರು ಹೇಳಿದರು. ಅವರು ಇರುವುದು ದುಬೈಯಲ್ಲಿ. ನನಗೆ ತಡೆಯಲಾಗಲಿಲ್ಲ, ದೊಡ್ಡ ಸ್ವರದಲ್ಲೇ ಮಾತಾಡಿದೆ. ಬಿಜೈ ಮಾರ್ಕೆಟ್ಟಿಗೆ ನಡೆದು ಹೋಗಿ ಮೀನು ತರುವ, ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಬರುವ ಎಪ್ಪತ್ತು ದಾಟಿದ ಹೆಂಗಸು ಈ ವಯಸ್ಸಿನಲ್ಲಿ ಯಾವ ಊರಿಗೆ ಹೋಗಿ ಹೊಸ ನೆರೆಕರೆ ಮಾಡಿಕೊಳ್ಳಬೇಕು? ದುಡ್ಡು ಡಬಲ್ ಆಗುವುದು ಮಾರಿದವರಿಗೆ. ಟೀಚರ್ ಮಾರುವವರಲ್ಲ, ಅವರಿಗೆ ಇಲ್ಲೇ ಇರಬೇಕು. ಬಾಡಿಗೆಗಿರುವ ಇಬ್ಬರು ನರ್ಸ್ ಹುಡುಗಿಯರ ಹೆಸರನ್ನಂತೂ ಮೀಟಿಂಗಿನಲ್ಲಿ ಯಾರೂ ಎತ್ತಲಿಲ್ಲ.

ಮುಂಬಯಿಯಲ್ಲಿ ರೀಡೆವಲಪ್‌ಮೆಂಟ್ ನೋಡಿದ ನಮ್ಮ ನೆಂಟರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಹಳೆಯ ಮಾಲೀಕರು ಬಿಲ್ಡರಿಂದ ಬಾಡಿಗೆ, ಸಾಗಾಟದ ಖರ್ಚು ಮಾತ್ರವಲ್ಲ, ಕಾರ್ಪಸ್ ಅಂತಲೂ ಒಂದು ದೊಡ್ಡ ಮೊತ್ತ ಕೇಳುತ್ತಾರೆ. ಅದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಹೆಚ್ಚಾದ ಮೇಂಟೆನೆನ್ಸ್ ತುಂಬುತ್ತಾರೆ. ನಿನ್ನೆ ನಾನು ಕಾರ್ಪಸ್ ಅಂದಾಗ ಆ ಹುಡುಗ, "ಮಂಗಳೂರಿನಲ್ಲಿ ಆ ಪದ್ಧತಿ ಇಲ್ಲ" ಅಂದ. ಇಲ್ಲದಿದ್ದರೆ ಈಗ ಶುರು ಮಾಡಬಹುದಲ್ಲ? ಜಾಗ ನಮ್ಮದು. ಇಪ್ಪತ್ತನಾಲ್ಕು ಸೆಂಟ್ಸ್‌ನಲ್ಲಿ ಒಂದೊಂದು ಮನೆಗೆ ಒಂದೂವರೆ ಸೆಂಟ್ಸ್ ಪಾಲು ಕ್ರಯಪತ್ರದಲ್ಲೇ ಉಂಟು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡುತ್ತಿದ್ದೇವೆ. ಫ್ರೀ ಅನ್ನುವ ಮಾತು ಎಲ್ಲಿಂದ ಬಂತು?

ಅಗ್ರಿಮೆಂಟಿನ ಡ್ರಾಫ್ಟ್ ಮುಂದಿನ ವಾರ ಕೊಡುತ್ತಾರಂತೆ. ಅಮ್ಮ ಸಹಿ ಹಾಕಬೇಕಿದ್ದರೆ ಕಾರ್ಪಸ್ ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು, ಬಾವಿ ಉಳಿಯುತ್ತದಾ ಎಂದು ಅದರಲ್ಲೇ ಬರೆದಿರಬೇಕು, ಬಾಯಿಮಾತು ಬೇಡ. ಟೀಚರೂ ಹಾಗೇ ಹೇಳಿದ್ದಾರೆ. ನಿಮ್ಮಲ್ಲಿ ಯಾರಾದರೂ ಕದ್ರಿ, ಬೆಂದೂರು, ಫಳ್ನೀರು ಕಡೆ ಇಂಥ ಅಗ್ರಿಮೆಂಟ್ ಮಾಡಿಕೊಂಡಿದ್ದರೆ, ಮೇಂಟೆನೆನ್ಸ್ ಬಗ್ಗೆ ಅದರಲ್ಲಿ ಏನು ಬರೆಸಿದ್ದೀರಿ ಎಂದು ದಯವಿಟ್ಟು ಇನ್‌ಬಾಕ್ಸ್ ಮಾಡಿ. ವಕೀಲರಿಗೆ ತೋರಿಸಬೇಕು.