ವಾಂತಿ ಆದರೆ ಮದ್ದು ಹಿಡಿಯಿತು ಅಂತಲ್ಲ

ಕ್ಲೋರಿನ್ ಡೈಆಕ್ಸೈಡ್ ಮೇಲೆ ನನಗೇನೂ ಹಗೆ ಇಲ್ಲ. ಫ್ಲೋರಿಡಾದಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದೇನೆ, ಇಂಥ ವಸ್ತುಗಳನ್ನು ಅಳೆದೇ ನನ್ನ ಸಂಬಳ. ನೀರಿನಲ್ಲಿರುವ ಕ್ರಿಮಿ ಕೊಲ್ಲುವುದಕ್ಕೆ ಇದು ಒಳ್ಳೆಯದೇ. ನಯಾಗರಾ ಫಾಲ್ಸ್ ಊರಿನ ನೀರಿನ ಘಟಕದಲ್ಲಿ 1944ರಲ್ಲೇ ಬಳಸಿದ್ದರು. 2001ರಲ್ಲಿ ಅಮೆರಿಕದ ಸೆನೆಟ್ ಕಚೇರಿಗೆ ಆಂಥ್ರಾಕ್ಸ್ ರೋಗಾಣುವಿನ ಪುಡಿ ಇದ್ದ ಲಕೋಟೆ ಬಂದಾಗ ಆ ಕಟ್ಟಡಕ್ಕೆ ಹೊಗೆ ಹಾಯಿಸಿದ್ದೂ ಇದರಿಂದಲೇ. ಕಾಗದದ ಕಾರ್ಖಾನೆಗಳಲ್ಲಿ ತಿರುಳನ್ನು ಬಿಳಿ ಮಾಡುವುದೂ ಇದರಿಂದ. ಇದನ್ನು ಹನಿ ಲೆಕ್ಕದಲ್ಲಿ ಕುಡಿಯಿರಿ, ಮಲೇರಿಯಾದಿಂದ ಹಿಡಿದು ಕ್ಯಾನ್ಸರ್ ತನಕ ಎಲ್ಲ ವಾಸಿಯಾಗುತ್ತೆ ಅನ್ನುವವರನ್ನು ಕಂಡರೆ ಮಾತ್ರ ನನಗೆ ಮೈ ಉರಿಯುತ್ತೆ. ಈಗ ಆ ಮಾತು ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದು ಕೂತಿದೆ.

ಹಾಕಿದವರು ಚಿಕ್ಕಪ್ಪ. ಬಿಳಿ ಕೋಟು ಹಾಕಿಕೊಂಡ ಯಾರೋ ಒಬ್ಬ ವಿಡಿಯೋದಲ್ಲಿ ಹೇಳ್ತಾನೆ, ಕುಡಿದ ಮೇಲೆ ವಾಂತಿ ಭೇದಿ ಆದರೆ ಹೆದರಬೇಡಿ, ಒಳಗಿನ ವಿಷ ಹೊರಗೆ ಹೋಗ್ತಿದೆ ಅಂತ. ನಾನು ಬೇಡ ಅಂದದ್ದಕ್ಕೆ ಚಿಕ್ಕಪ್ಪ ಬರೆದರು: "ನಮ್ಮ ಆಟಿ ಸೊಪ್ಪು ತಿಂದರೆ ಮೂತ್ರ ಕೆಂಪಾಗಲ್ವಾ? ಮದ್ದು ಮೈಗೆ ಹಿಡಿದರೆ ಮೈ ತೋರಿಸುತ್ತೆ ಕಣಪ್ಪ."

ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕೊಡಗಿನಲ್ಲಿ ಬೆಳೆದ ಯಾರಿಗಾದರೂ ಇದು ಅರ್ಥವಾಗುತ್ತೆ. ಆಗಸ್ಟ್ ಮೂರರ ಹೊತ್ತಿಗೆ, ಅಂದರೆ ಕೊಡವರ ಕಕ್ಕಡ ತಿಂಗಳ, ನಮ್ಮ ಕಡೆ ಆಟಿ ತಿಂಗಳ ಹದಿನೆಂಟನೇ ದಿನ, ಬೇಲಿ ಬದಿಯಿಂದ ಆಟಿ ಸೊಪ್ಪು, ಅಂದರೆ ಮದ್ದು ಸೊಪ್ಪು, ಕೊಯ್ದು ತಂದು ಕುದಿಸುತ್ತಾರೆ. ಹಸಿರು ಸೊಪ್ಪಿನಿಂದ ಕಡು ನೇರಳೆ ನೀರು ಇಳಿಯುತ್ತೆ, ಅದರ ಘಮ ಅಡುಗೆಮನೆ ದಾಟಿ ಅಂಗಳದ ತನಕ ಬರುತ್ತೆ. ಆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ಮಾರನೇ ದಿನ ಮಕ್ಕಳೆಲ್ಲ "ನಿಂದು ಕೆಂಪಾಯ್ತಾ?" ಅಂತ ಕೇಳಿಕೊಂಡು ನಗುವುದು. ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತೆ ಅನ್ನುವುದು ಹಿರಿಯರ ನಂಬಿಕೆ. ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣ ಹೊರಗೆ ಹೋಗುವುದರಿಂದ, ಅದರಿಂದ ಯಾರಿಗೂ ಸುಸ್ತಾಗುವುದಿಲ್ಲ. ಆಟಿ ಪಾಯಸ ತಿಂದ್ಯಲ್ಲ, ಇನ್ನು ಬಿಪಿ ಮಾತ್ರೆ ಬಿಡು ಅಂತ ನಮ್ಮಜ್ಜಿ ಯಾವತ್ತೂ ಹೇಳಿದವರಲ್ಲ. ಕ್ಲೋರಿನ್ ಡೈಆಕ್ಸೈಡ್ ಮಾರುವವರು ಅದನ್ನೇ ಹೇಳುತ್ತಾರೆ. ಅವರ ಪ್ರಕಾರ ವಾಂತಿ ಆದರೂ ಗುಣ, ಆಗದಿದ್ದರೆ ಇನ್ನೆರಡು ಹನಿ ಜಾಸ್ತಿ. ಕೆಲವರಂತೂ ಭೇದಿಯಲ್ಲಿ ಕಿತ್ತು ಬಂದ ಕರುಳಿನ ಲೋಳೆ ಪದರವನ್ನೇ ಹುಳ ಬಿತ್ತು ಅಂತ ಫೋಟೋ ತೆಗೆದು ತೋರಿಸುತ್ತಾರೆ. ಏನು ಆದರೂ ಅವರು ಹೇಳಿದ್ದೇ ಸರಿ ಅಂತಾದರೆ, ಆಗ ತಪ್ಪು ಗೊತ್ತಾಗುವುದು ಯಾವಾಗ?

ಒಳಗೆ ನಡೆಯುವುದು ಏನು ಅಂತ ಹೇಳ್ತೇನೆ. ಬಾಟಲಿಯಲ್ಲಿ ಬರುವುದು ಸಾಮಾನ್ಯವಾಗಿ ಸೋಡಿಯಂ ಕ್ಲೋರೈಟ್, ಶೇ. 28ರಷ್ಟು ಗಟ್ಟಿ ದ್ರಾವಣ. ಅಡುಗೆ ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಹುಳಿ ಸೇರಿದರೆ ಇದರಿಂದ ಕ್ಲೋರಿನ್ ಡೈಆಕ್ಸೈಡ್ ಹೊರಡುತ್ತೆ, ಹಳದಿ ಬಣ್ಣದ ಅನಿಲ, ಈಜುಕೊಳದ ವಾಸನೆ. ಎದುರಿಗೆ ಸಿಕ್ಕ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಇದರ ಗುಣ, ಕ್ರಿಮಿ ಸಾಯುವುದೂ ಹಾಗೆಯೇ. ಎದುರಿಗಿರುವುದು ಕ್ರಿಮಿಯೋ ನಮ್ಮ ಗಂಟಲಿನ ಚರ್ಮವೋ ಅಂತ ಅದು ನೋಡುವುದಿಲ್ಲ. ಕ್ಯಾನ್ಸರ್ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತೆ ಅನ್ನುವುದು ಶುದ್ಧ ಸುಳ್ಳು, ಬಾಯಿ ಹೊಟ್ಟೆ ದಾಟುವಷ್ಟರಲ್ಲೇ ಬಹುಪಾಲು ಮುಗಿದು ಮತ್ತೆ ಕ್ಲೋರೈಟ್ ಆಗಿರುತ್ತೆ.

ಆ ಕ್ಲೋರೈಟ್ ರಕ್ತಕ್ಕೆ ಹೋಗುತ್ತೆ. ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಕಬ್ಬಿಣದ ಪರಮಾಣು ಇವೆಯಲ್ಲ, ಆಮ್ಲಜನಕ ಹಿಡಿಯುವುದು ಅವೇ. ಕ್ಲೋರೈಟ್ ಆ ಕಬ್ಬಿಣದ ಒಂದು ಎಲೆಕ್ಟ್ರಾನ್ ಕಿತ್ತರೆ ಅದು ಮೆಟ್‌ಹಿಮೋಗ್ಲೋಬಿನ್ ಆಗುತ್ತೆ, ಆಮೇಲೆ ಅದು ಆಮ್ಲಜನಕ ಹೊರುವುದಿಲ್ಲ. ಹೀಗೆ ಆದವರ ರಕ್ತ ತೆಗೆದು ನೋಡಿದರೆ ಚಾಕೊಲೇಟ್ ಬಣ್ಣ. ತುಟಿ, ಉಗುರು ನೀಲಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 85ರ ಆಸುಪಾಸಿನಲ್ಲಿ ನಿಂತುಬಿಡುತ್ತೆ, ಆಮ್ಲಜನಕ ಕೊಟ್ಟರೂ ಮೇಲೇಳುವುದಿಲ್ಲ. "ರಕ್ತಕ್ಕೆ ಆಮ್ಲಜನಕ ತುಂಬುತ್ತೆ" ಅಂತ ಮಾರುವ ವಸ್ತು ಇದು! ಕೆಂಪು ರಕ್ತಕಣಗಳು ಒಡೆದು ಆ ಭಾರ ಮೂತ್ರಪಿಂಡದ ಮೇಲೂ ಬೀಳುತ್ತೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗಂತೂ ಅಪಾಯ ಇನ್ನೂ ಜಾಸ್ತಿ. ಮಲೇರಿಯಾ ಹಿಂದಿನಿಂದ ಕಾಡಿದ ಜಾಗಗಳಲ್ಲಿ ಈ ಕೊರತೆ ಅಪರೂಪವಲ್ಲ, ಇರುವವರಲ್ಲಿ ಬಹಳ ಜನಕ್ಕೆ ಅದು ಗೊತ್ತೂ ಇರುವುದಿಲ್ಲ.

ನೀರಿಗೆ ಹಾಕಬಹುದಾದರೆ ಕುಡಿಯೋದಕ್ಕೇನು ಅಂತ ಚಿಕ್ಕಪ್ಪ ಕೇಳಿಯೇ ಕೇಳಿದರು. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಕ್ಲೋರಿನ್ ಡೈಆಕ್ಸೈಡ್ ಲೀಟರಿಗೆ 0.8 ಮಿಲಿಗ್ರಾಂ ದಾಟುವಂತಿಲ್ಲ, ಕ್ಲೋರೈಟ್ 1 ಮಿಲಿಗ್ರಾಂ ದಾಟುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೈಟಿಗೆ ಇಟ್ಟಿರುವ ಮಿತಿ 0.7. ಆ ಗಟ್ಟಿ ದ್ರಾವಣದ ಒಂದೇ ಹನಿಯಲ್ಲಿ ಹೆಚ್ಚುಕಮ್ಮಿ 10 ಮಿಲಿಗ್ರಾಂ ಕ್ಲೋರೈಟ್ ಇರುತ್ತೆ. ಅದನ್ನು ಕಾಲು ಲೀಟರಿನ ಒಂದು ಲೋಟ ನೀರಿಗೆ ಹಾಕಿದರೆ ಅಮೆರಿಕದ ಮಿತಿಯ ಸುಮಾರು ನಲವತ್ತು ಪಟ್ಟು ಆಯಿತು. ಇದು ಒಂದು ಹನಿಯ ಕಥೆ. ಅವರು ಹೇಳುವುದು ಹನಿ ಏರಿಸುತ್ತಾ ಹೋಗಿ ಅಂತ, ದಿನಕ್ಕೆ ಹಲವು ಸಲ.

ಅಳತೆ ಗೊತ್ತಿಲ್ಲದವರಾ ಚಿಕ್ಕಪ್ಪ? ಮಳೆಗಾಲಕ್ಕೆ ಮೊದಲು ಕಾಫಿ ತೋಟಕ್ಕೆ ಬೋರ್ಡೋ, ಅಂದರೆ ಶಿಲೀಂಧ್ರ ರೋಗದ ಮದ್ದು, ಹೊಡೆಯುವಾಗ ನೋಡಬೇಕು. ಮೈಲುತುತ್ತ, ಸುಣ್ಣ ಎರಡನ್ನೂ ತೂಕ ಮಾಡಿಯೇ ಬೇರೆ ಬೇರೆ ಕರಗಿಸುತ್ತಾರೆ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅಲಗಿನ ಮೇಲೆ ಕೆಂಚಗೆ ತಾಮ್ರ ಕೂತಿದ್ದರೆ "ಇನ್ನೂ ಸುಣ್ಣ ಬೇಕು" ಅಂತ ಕೂಗುತ್ತಾರೆ. ಕಾಫಿ ಎಲೆ ಸುಡಬಾರದು ಅಂತ ಇಷ್ಟು ಜೋಪಾನ ಮಾಡುವ ಮನುಷ್ಯ ತನ್ನ ಹೊಟ್ಟೆಗೆ ಹಾಕುವುದನ್ನು ವಿಡಿಯೋ ನೋಡಿ ಹನಿ ಎಣಿಸಿ ಹಾಕಿಕೊಳ್ಳೋದು ಅಂದ್ರೆ!

ನಾನಿರುವ ರಾಜ್ಯದಲ್ಲೇ ಇದರ ದೊಡ್ಡ ಅಂಗಡಿ ಇತ್ತು. ಬ್ರಾಡೆಂಟನ್ ಊರಿನ ಗ್ರೆನನ್ ಅನ್ನುವ ತಂದೆ, ಮೂವರು ಮಕ್ಕಳು ಒಂದು ಚರ್ಚ್ ಅಂತ ಹೆಸರಿಟ್ಟುಕೊಂಡು ಇದನ್ನು ಪ್ರಸಾದದ ಹಾಗೆ "ಕಾಣಿಕೆ"ಗೆ ಕೊಡುತ್ತಿದ್ದರು. ಧರ್ಮ ಅಂದರೆ ಸರ್ಕಾರ ಮುಟ್ಟುವುದಿಲ್ಲ ಅನ್ನುವ ಲೆಕ್ಕ. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ 2010ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು, 2019ರಲ್ಲಿ ಮತ್ತೆ ಕೊಟ್ಟಿತು. ಕೋವಿಡ್ ಬಂದದ್ದೇ ಗ್ರೆನನ್ ಮನೆಯವರು ಅದಕ್ಕೂ ಇದೇ ಮದ್ದು ಅಂದರು. ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಸಿಕ್ಕ ಸೋಡಿಯಂ ಕ್ಲೋರೈಟ್ ಪುಡಿ ಸುಮಾರು ನಾಲ್ಕೂವರೆ ಟನ್, ಜೊತೆಗೆ ಪಿಟೀಲಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಬಂದೂಕು. (ಕೋವಿ ನಮ್ಮೂರಿಗೆ ಹೊಸದಲ್ಲ, ಕೈಲ್ ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆಯೇ ಮಾಡುತ್ತಾರೆ. ಪಿಟೀಲಿನ ಪೆಟ್ಟಿಗೆಯಲ್ಲಿ ಇಟ್ಟವರನ್ನು ಮಾತ್ರ ನಾನು ಕಂಡಿಲ್ಲ.) 2023ರಲ್ಲಿ ಮಯಾಮಿಯ ನ್ಯಾಯಾಲಯ ನಾಲ್ವರಿಗೂ ಜೈಲು ಹಾಕಿತು. ಇಬ್ಬರು ಮಕ್ಕಳಿಗೆ ಹನ್ನೆರಡು ವರ್ಷದ ಮೇಲೆ, ತಂದೆಗೂ ಇನ್ನೊಬ್ಬ ಮಗನಿಗೂ ಐದೈದು ವರ್ಷ.

ಕಾನೂನು ಇಲ್ಲಿ ಅಷ್ಟು ಮಾಡಿತು, ಒಪ್ಪೋಣ. ಆದರೆ ಕುಡಿಯುವವನನ್ನು ತಡೆಯುವವರು ಇಲ್ಲಿ ಯಾರೂ ಇಲ್ಲ. ಪಕ್ಕದ ಮನೆಯವನು ಏನು ಕುಡಿದರೂ ಅದು ಅವನಿಷ್ಟ, ಬಾಯಿ ಹಾಕಿದರೆ ನೀನು ಒರಟ. ಆಸ್ಪತ್ರೆಯ ಬಿಲ್ಲಿಗೆ ಹೆದರಿ ಇಂಥದ್ದಕ್ಕೆ ಹೋಗುವವರೂ ಇದ್ದಾರೆ. ನಮ್ಮೂರಿಗೆ ಇದು ಬರುವ ದಾರಿಯೇ ಬೇರೆ. ಯಾರೂ ಮಾರುವುದಿಲ್ಲ, ಭಾವನೋ ಅತ್ತೆಯೋ ಪ್ರೀತಿಯಿಂದ ತಂದುಕೊಡುತ್ತಾರೆ, ಬೇಡ ಅಂದರೆ ಬೇಜಾರು. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಆದರೂ ದೊಡ್ಡ ಕಾಯಿಲೆ ಅಂದರೆ ಮೈಸೂರು ಅಥವಾ ಮಂಗಳೂರು. ಜುಲೈ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯುವುದನ್ನು ನೆನೆಸಿಕೊಂಡರೆ ಮನೆಯಲ್ಲೇ ಏನಾದರೂ ಆಗಬಾರದೇ ಅನಿಸುವುದು ಸಹಜ.

ಆದರೂ ನನಗೆ ನಮ್ಮ ದಾರಿಯಲ್ಲೇ ನಂಬಿಕೆ ಜಾಸ್ತಿ. ಯಾಕೆ ಅಂದರೆ ನಮ್ಮಲ್ಲಿ ಬಾಯಿ ಹಾಕುವವರು ಇದ್ದಾರೆ. ಗುಂಪಿನಲ್ಲಿ ನಾನು ರಸಾಯನಶಾಸ್ತ್ರ ಬರೆದು ಬರೆದು ಸೋತ ಮೇಲೆ ದೊಡ್ಡಮ್ಮ ಒಂದೇ ಪ್ರಶ್ನೆ ಹಾಕಿದರು: "ಯಾವೂರಿನವನು ಅವನು, ಯಾವ ಮನೆಯವನು? ಹೆಣ್ಣು ಕೊಡೋಕೆ ಮೂರು ತಲೆಮಾರು ವಿಚಾರಿಸ್ತೀರಿ, ಮದ್ದು ಕುಡಿಯೋಕೆ ಬೇಡ್ವಾ?" ಚಿಕ್ಕಪ್ಪ ವಿಡಿಯೋ ಅಳಿಸಿದರು. ನನ್ನ ಲ್ಯಾಬಿಗೆ ಆಗದ ಕೆಲಸ ಅದು.

ಇಷ್ಟರಲ್ಲೇ ಯಾರಾದರೂ ಕುಡಿದಿದ್ದರೆ ಬೈಯುತ್ತಾ ಕೂರಬೇಡಿ. ಮನೆಯಲ್ಲಿ ವಾಂತಿ ಮಾಡಿಸೋಕೆ ಹೋಗಬೇಡಿ, ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತೆ. ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, "ಏನೋ ನಾಟಿ ಔಷಧಿ" ಅನ್ನದೆ ಸೋಡಿಯಂ ಕ್ಲೋರೈಟ್ ಅಂತ ಹೆಸರು ಹೇಳಿ. ಮೆಟ್‌ಹಿಮೋಗ್ಲೋಬಿನ್ನಿಗೆ ಸಾಮಾನ್ಯವಾಗಿ ಕೊಡುವ ಮೆಥಿಲೀನ್ ಬ್ಲೂ ಜಿ6ಪಿಡಿ ಕೊರತೆ ಇದ್ದವರಿಗೆ ಆಗಿಬರುವುದಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗಾದರೂ ಆ ಕೊರತೆ ಇರುವುದು ಗೊತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.