ಕಡಿಮೆಯೆಂದರೂ ಆರು ಪೆಟ್ಟಿಗೆ

ಮಗಳು ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಊಟದ ಮೇಜು ಊಟಕ್ಕೆ ಸಿಗುತ್ತಿಲ್ಲ. ಹೋದ ಶನಿವಾರ ಅದರ ಮೇಲೆ ರೇಖೀಯ ಅಸಮತೆಗಳು, ಅಂದರೆ ಸಮ ಚಿಹ್ನೆಯ ಬದಲು ಹೆಚ್ಚು-ಕಡಿಮೆಯ ಚಿಹ್ನೆ ಹಾಕುವ ಲೆಕ್ಕಗಳು, ಹರಡಿಕೊಂಡಿದ್ದವು. ಮೂವತ್ತು ವರ್ಷ ಕಚೇರಿಯಲ್ಲಿ ಲೆಕ್ಕಪತ್ರ ಬರೆದವನೆಂಬ ಜಂಬದಿಂದ ನಾನೂ ಕನ್ನಡಕ ಏರಿಸಿ ಕುಳಿತೆ. ಕೂರಬಾರದಿತ್ತು.

ಅವಳು ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದಳು: ‘ಸರಾಸರಿ ಕಡಿಮೆಯೆಂದರೂ 60 ಅಂಕ ಬರಬೇಕು.’ ಕಡಿಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕಡಿಮೆಯ ಚಿಹ್ನೆ ಹಾಕಿದೆ. ತಪ್ಪಂತೆ. ಮುಂದಿನದರಲ್ಲಿ ‘ಹೆಚ್ಚೆಂದರೆ 40’ ಎಂದಿತ್ತು. ಹೆಚ್ಚಿನ ಚಿಹ್ನೆ ಹಾಕಿದೆ. ಅದೂ ತಪ್ಪು. ಕಡಿಮೆಯೆಂದರೂ 60 ಎಂದರೆ 60 ಅಥವಾ ಅದಕ್ಕಿಂತ ಹೆಚ್ಚು. ಹೆಚ್ಚೆಂದರೆ 40 ಎಂದರೆ 40 ಅಥವಾ ಅದಕ್ಕಿಂತ ಕಡಿಮೆ. ಹುಟ್ಟಿದಾಗಿನಿಂದ ಈ ಮಾತುಗಳನ್ನು ಆಡುತ್ತಾ ಬಂದಿದ್ದೇನೆ, ಒಳಗೆ ಇಂಥ ಉಲ್ಟಾ ವ್ಯವಹಾರ ನಡೆದಿದೆ ಎಂದು ಗೊತ್ತಿರಲಿಲ್ಲ. ಇನ್ನು ‘ಹೆಚ್ಚುಕಡಿಮೆ’ ಎಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಸುಮಾರು. ‘ಏನಾದರೂ ಹೆಚ್ಚುಕಡಿಮೆ ಆದರೆ’ ಎಂದರೆ ಆಸ್ಪತ್ರೆ.

ಸಮ ಚಿಹ್ನೆಯನ್ನು ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲೇ ಅಚ್ಚು ಹಾಕಿಸಿದ್ದ. ಹೆಚ್ಚು-ಕಡಿಮೆಯ ಚಿಹ್ನೆಗಳು (> ಮತ್ತು <) ಕಾಣಿಸಿಕೊಂಡದ್ದು 1631ರಲ್ಲಿ, ಇನ್ನೊಬ್ಬ ಗಣಿತಜ್ಞ ಥಾಮಸ್ ಹ್ಯಾರಿಯಟ್ ತೀರಿಹೋದ ಹತ್ತು ವರ್ಷಕ್ಕೆ ಹೊರಬಂದ ಅವನ ಪುಸ್ತಕದಲ್ಲಿ. ಬೈಯೋಣವೆಂದರೂ ಪುಸ್ತಕ ಬರುವಾಗಲೇ ಮನುಷ್ಯ ಇರಲಿಲ್ಲ. ನಮ್ಮ ಮೇಷ್ಟರು ಆ ಚಿಹ್ನೆಯನ್ನು ಮೊಸಳೆಯ ಬಾಯಿ ಎಂದು ಕಲಿಸಿದ್ದರು, ದೊಡ್ಡದರ ಕಡೆಗೇ ಬಾಯಿ ತೆರೆಯುತ್ತದೆಂದು. ದಾಂಡೇಲಿಯ ಹೊಳೆಯಲ್ಲಿ ಮೊಸಳೆ ನೋಡಿದ್ದೇನೆ. ಅದು ಬಾಯಿ ತೆರೆದು ಸುಮ್ಮನೆ ಮಲಗಿತ್ತು, ಯಾರ ಕಡೆಗೂ ತಿರುಗಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ನಿಜವಾದ ಲೆಕ್ಕ ಬಂತು. ಮಗನಿಗೆ ನೌಕರಿ ಸಿಕ್ಕಿತ್ತು, ಪೇಡೆ ಹಂಚಬೇಕಿತ್ತು.

“ರೀ, ಇಲ್ಲಿ 1600 ರೂಪಾಯಿ ಇದೆ. ಕಡಿಮೆಯೆಂದರೂ ಆರು ಪೆಟ್ಟಿಗೆ ತನ್ನಿ. ಆಟೋದಲ್ಲೇ ಹೋಗಿ ಆಟೋದಲ್ಲೇ ಬನ್ನಿ, ಮಳೆ ಬರುವ ಹಾಗಿದೆ.”

ಅರ್ಧ ಕಿಲೋದ ಪೆಟ್ಟಿಗೆಗೆ 260 ರೂಪಾಯಿ, ಲೈನ್ ಬಜಾರಿಗೆ ಹೋಗಿ ಬರಲು ಆಟೋಗೆ 160. ಮಗಳೆದುರು ಕಳೆದ ಮಾನ ಮರಳಿ ಪಡೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು, ಅವಳ ವಹಿಯ ಹಿಂದಿನ ಪುಟದಲ್ಲೇ ಬರೆದೆ. ಪೆಟ್ಟಿಗೆಗಳು x. ಪೇಡೆ ಕೊಂಡು ಉಳಿದದ್ದು ಆಟೋಗೆ ಸಾಲಬೇಕು: 1600 − 260x ≥ 160. ಆದ್ದರಿಂದ −260x ≥ −1440. ಎರಡೂ ಕಡೆ −260ರಿಂದ ಭಾಗಿಸಿದೆ: x ≥ 5.54. ಅಂದರೆ ಆರು ಪೆಟ್ಟಿಗೆ ಧಾರಾಳವಾಗಿ ಬರುತ್ತವೆ! ಲೆಕ್ಕದ ಪ್ರಕಾರ ನೂರು ಪೆಟ್ಟಿಗೆಯೂ ಬರಬೇಕಿತ್ತು. ಅನುಮಾನ ಹುಟ್ಟಬೇಕಾದ ಜಾಗ ಅದೇ. ಹುಟ್ಟಲಿಲ್ಲ. ಮೊಬೈಲನ್ನು ಚಾರ್ಜಿಗೆ ಹಾಕಿ, ಚೀಲ ಹಿಡಿದು ಹೊರಟೆ.

ಅಂಗಡಿಯವರು ಆರು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ದಾರ ಸುತ್ತಿ ಗಂಟು ಹಾಕಿದರು. ನಾನು ಹಣ ಎಣಿಸಿ ಕೊಟ್ಟೆ. ಅವರೂ ಎಣಿಸಿದರು.

“ಸರ್, ನಲವತ್ತು ಕಡಿಮೆ ಇದೆ.”

“ಕಡಿಮೆಯೆಂದರೆ... ಹೆಚ್ಚೇ?”

ಅವರು ನನ್ನ ಮುಖವನ್ನೇ ನೋಡಿದರು. ಬರುವಾಗ ಆಟೋಗೆ 80 ಹೋಗಿತ್ತು. ಕೈಯಲ್ಲಿದ್ದದ್ದು 1520, ಪೇಡೆಗೆ 1560. ಮೊಬೈಲ್ ಮನೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಗಂಟು ಬಿಚ್ಚಲಾಯಿತು. ಹಿಂದೆ ನಿಂತಿದ್ದ ಸಾಲು ಉಸಿರು ಬಿಟ್ಟಿತು. ಆರನೆಯ ಪೆಟ್ಟಿಗೆ ಕಪಾಟಿಗೆ ಮರಳುವಾಗ, ಸಕ್ಕರೆ ಮೆತ್ತಿದ ಆ ಕಂದು ಪೇಡೆಗಳು ಒಳಗೆ ಮೆಲ್ಲಗೆ ಉರುಳಿದ ಸದ್ದು ನನಗೊಬ್ಬನಿಗೇ ಕೇಳಿಸಿತೇನೋ.

ಮನೆಗೆ ಬಂದರೆ ಮಗಳು ಆ ಪುಟ ತೆರೆದುಕೊಂಡೇ ಕುಳಿತಿದ್ದಳು.

“ಅಪ್ಪಾ, ಋಣ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗಬೇಕು. 300 ರೂಪಾಯಿ 200ಕ್ಕಿಂತ ಹೆಚ್ಚು. ಆದರೆ 300 ಸಾಲ ಇದ್ದವನಿಗಿಂತ 200 ಸಾಲ ಇದ್ದವನೇ ಸುಖಿ, ಅಲ್ಲವೇ?”

ಸಾಲದ ವಿಷಯ ನನಗೆ ಬೇಗ ಅರ್ಥವಾಗುತ್ತದೆ. ಚಿಹ್ನೆ ತಿರುಗಿಸಿದರೆ x ≤ 5.54. ಅರೆಮುರುಕು ಪೆಟ್ಟಿಗೆ ಯಾರೂ ಮಾರುವುದಿಲ್ಲವಾದ್ದರಿಂದ ಐದೇ ಐದು. ಹೆಂಡತಿಗೆ ಬೇಕಾದದ್ದು x ≥ 6. ಎರಡೂ ಒಟ್ಟಿಗೆ ನಿಲ್ಲುವ ಸಂಖ್ಯೆಯೇ ಇಲ್ಲ. ಇಂಥದ್ದಕ್ಕೆ ಪರಿಹಾರವಿಲ್ಲ ಎಂದು ಬರೆದರೆ ಪೂರ್ತಿ ಅಂಕವಂತೆ. ಅದನ್ನೇ ಅಡುಗೆಮನೆಯಲ್ಲಿ ಹೇಳಿ ನೋಡಿದೆ. ಅಂಕ ಬರಲಿಲ್ಲ.

ಐದು ಪೆಟ್ಟಿಗೆ, ಆರು ಮನೆ. ಹೆಂಡತಿಯ ತವರಿನವು ಮೂರು, ಅಕ್ಕಪಕ್ಕದವು ಎರಡು. ಉಳಿದದ್ದು ಹುಬ್ಬಳ್ಳಿಯ ನನ್ನ ಅಕ್ಕನ ಮನೆ. ಅಕ್ಕನಿಗೆ ಸಕ್ಕರೆ ಕಾಯಿಲೆ, ದಾರಿಯೂ ಇಪ್ಪತ್ತು ಕಿಲೋಮೀಟರ್ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದರು. ‘ಎಲ್ಲರೂ’ ಎಂದರೆ ನಾನು ಬಿಟ್ಟು.

ಸೋಮವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು.

“ತಮ್ಮಾ, ಸಕ್ಕರೆ ಕಾಯಿಲೆ ಇರುವುದು ನನಗೆ, ನಿನ್ನ ಭಾವನಿಗಲ್ಲ. ಬರುವಾಗ ಕಡಿಮೆಯೆಂದರೂ ಒಂದು ಕಿಲೋ ತೆಗೆದುಕೊಂಡು ಬಾ.”

ಫೋನ್ ಇಟ್ಟು ಒಂದು ಚೀಟಿಯಲ್ಲಿ x ಎಂದು ಬರೆದೆ. ಚಿಹ್ನೆ ಹಾಕುವ ಮೊದಲು ಮಗಳನ್ನು ಕರೆದೆ.