ಮಾಂಸದಂಗಡಿಯಿಂದ ಎದ್ದು ಬಂದ ವಾರಸುದಾರ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮೆಲ್ಬರ್ನ್‌ನ ಪತ್ರಿಕೆಗಳು ಅಚ್ಚು ಹಾಕಿದ ಕತೆಗಳನ್ನು ನಂಬುವುದಾದರೆ, ಇಂಗ್ಲೆಂಡಿನ ಯಾವ ಶ್ರೀಮಂತನ ಹಿರಿಮಗನೂ ಮನೆಯಲ್ಲಿ ನೆಟ್ಟಗೆ ಉಳಿಯುತ್ತಿರಲಿಲ್ಲ. ಹಡಗು ಮುಳುಗಿಯೋ, ಮಾಡದ ಕೊಲೆ ಮೈಮೇಲೆ ಬಂದೋ ತಪ್ಪದೇ ಕಳೆದುಹೋಗುತ್ತಿದ್ದ, ತಪ್ಪದೇ ಆಸ್ಟ್ರೇಲಿಯಾದಲ್ಲಿ ಸಿಗುತ್ತಿದ್ದ. ಗುರುತು ಹಚ್ಚಲು ಒಂದು ಮಚ್ಚೆ, ಒಂದು ಲಾಕೆಟ್ ಅಥವಾ ಸಾಯಲು ಮಲಗಿದ ಒಬ್ಬ ದಾದಿ ಸಾಕು. ಆ ದಾದಿಗೆ ಮಾತ್ರ ಬೇಗ ಸಾಯುವ ಸ್ವಾತಂತ್ರ್ಯವಿರಲಿಲ್ಲ. ಗುಟ್ಟು ಬಾಯಿಗೆ ಬರುವಷ್ಟರಲ್ಲಿ ‘ಮುಂದಿನ ಸಂಚಿಕೆಗೆ’ ಎಂದು ಬಿದ್ದರೆ ಪಾಪ, ಇನ್ನೊಂದು ತಿಂಗಳು ಉಸಿರು ಬಿಗಿಹಿಡಿಯಬೇಕು.

1865ರಲ್ಲಿ ಹುಟ್ಟಿದ ‘ಆಸ್ಟ್ರೇಲಿಯನ್ ಜರ್ನಲ್’ ಈ ಸರಕಿನ ದೊಡ್ಡ ಮಂಡಿ. ಮಾರ್ಕಸ್ ಕ್ಲಾರ್ಕ್ ಎಂಬ ಲೇಖಕ 1870ರ ಮಾರ್ಚ್‌ನಲ್ಲಿ ಅಲ್ಲೊಂದು ಧಾರಾವಾಹಿ ಶುರು ಮಾಡಿದ. ಸಿರಿವಂತರ ಮನೆಯ ಮಗ, ಮಾಡದ ತಪ್ಪಿಗೆ ಕೈದಿಯಾಗಿ ಟಾಸ್ಮೇನಿಯಾ ಸೇರುವ ಕತೆ. ವರ್ಷದಲ್ಲಿ ಮುಗಿಸುತ್ತೇನೆಂದವನು 1872ರ ಜೂನ್‌ವರೆಗೆ ಎಳೆದ. ಸಂಜೆಯ ಟಿವಿ ಧಾರಾವಾಹಿ ನೋಡುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಈ ಬಗೆಯ ರೋಚಕ ಸಾಹಿತ್ಯವನ್ನು ಕಂಡು ಲಂಡನ್ನಿನ ಗಂಭೀರ ವಿಮರ್ಶಕರು ಮೂಗು ಮುರಿಯುತ್ತಿದ್ದರು: ಇಂಥದ್ದೆಲ್ಲ ಎಲ್ಲಾದರೂ ನಡೆಯುತ್ತದೆಯೇ?

ಲಂಡನ್ನಿನ ನ್ಯಾಯಾಲಯದಲ್ಲೇ ನಡೆಯುತ್ತಿತ್ತು.

ರೋಜರ್ ಟಿಚ್‌ಬೋರ್ನ್ ಎಂಬ, ತಲೆಮಾರಿನಿಂದ ತಲೆಮಾರಿಗೆ ‘ಸರ್’ ಬಿರುದು ಇಳಿದುಬರುವ ಬ್ಯಾರೊನೆಟ್ ಮನೆತನದ ಹುಡುಗ 1854ರಲ್ಲಿ ಹಡಗಿನೊಂದಿಗೆ ಕಾಣೆಯಾಗಿದ್ದ. ತಾಯಿ ನಂಬಲಿಲ್ಲ, ಬಹುಮಾನ ಕೊಡುತ್ತೇನೆಂದು ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದಳು. ಮಗ ಇದ್ದರೆ ಅಲ್ಲಿಯೇ ಇರಬೇಕಲ್ಲ! 1866ರಲ್ಲಿ ವಾಗಾ ವಾಗಾ ಎಂಬ ಊರಿನ ಕಟುಕನೊಬ್ಬ, ಆ ಮಗ ನಾನೇ ಎಂದ. ಅವನು ಬರೆಸಿದ್ದ ಉಯಿಲಿನಲ್ಲಿ ಹೆತ್ತ ತಾಯಿಯ ಹೆಸರೇ ತಪ್ಪು. ಹೆನ್ರಿಯೆಟ್ ಫೆಲಿಸಿತೆಯನ್ನು ಅವನು ಹ್ಯಾನಾ ಫ್ರಾನ್ಸಿಸ್ ಮಾಡಿದ್ದ. ರೋಜರ್ ಪ್ಯಾರಿಸ್‌ನಲ್ಲಿ ಬೆಳೆದವನು, ಫ್ರೆಂಚ್ ಅವನ ಬಾಲ್ಯದ ಭಾಷೆ. ಇವನಿಗೆ ಫ್ರೆಂಚಿನ ಗಂಧಗಾಳಿಯಿಲ್ಲ. ರೋಜರ್ ಕಡ್ಡಿಯಂತಿದ್ದ. ಇವನು ಮೊಕದ್ದಮೆಯ ವೇಳೆಗೆ ನೂರೈವತ್ತು ಕಿಲೋ ದಾಟಿದ್ದ. ಅವನ ತೋಳಿನ ಮೇಲೆ ಹಚ್ಚೆಯಿತ್ತು, ಇವನ ತೋಳು ಖಾಲಿ.

ಪ್ಯಾರಿಸ್‌ನ ಹೋಟೆಲೊಂದರಲ್ಲಿ ಮೈ ಸರಿಯಿಲ್ಲವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನನ್ನು ಆ ತಾಯಿ ಬಂದು ನೋಡಿದಳು. ಕಿವಿ ಥೇಟ್ ಅವನ ಚಿಕ್ಕಪ್ಪನದೇ ಎಂದಳು. ವರ್ಷಕ್ಕೆ ಸಾವಿರ ಪೌಂಡ್ ಗೊತ್ತುಮಾಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಇಲ್ಲಿ ಹೆರದ ಹೆಗ್ಗಣವೇ ಮುದ್ದಾಯಿತು.

ಇನ್ನೂ ಸ್ವಾರಸ್ಯದ ಸಂಗತಿ ಅವನ ಜೇಬಿನ ಪುಸ್ತಕದಲ್ಲಿತ್ತು. ದುಡ್ಡಿದ್ದು ಬುದ್ಧಿಯಿಲ್ಲದವರು ಹುಟ್ಟಿರುವುದೇ ಬುದ್ಧಿಯಿದ್ದು ದುಡ್ಡಿಲ್ಲದವರಿಗಾಗಿ ಎಂಬರ್ಥದ ಸಾಲುಗಳು, ಕೆಳಗೆ ಟಿಚ್‌ಬೋರ್ನ್ ಎಂದು ಸಹಿ. ಸಾಲುಗಳೂ ಸ್ವಂತದ್ದಲ್ಲ. ಮೇರಿ ಬ್ರ್ಯಾಡನ್ ಎಂಬಾಕೆಯ ಪತ್ರಿಕಾ ಧಾರಾವಾಹಿಯಿಂದ ಎತ್ತಿದ್ದು. ಕತೆಗಳನ್ನು ಯಾರೂ ನಂಬುವುದಿಲ್ಲ ಎಂದ ವಿಮರ್ಶಕರು ವಾಗಾ ವಾಗಾದ ಈ ಓದುಗನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಸ್ತಿ ಸಿಕ್ಕ ಮೇಲೆ ಹಣ ತೀರಿಸುತ್ತೇನೆಂಬ ಅವನ ಹೆಸರಿನ ಬಾಂಡನ್ನು ಜನ ಕೊಂಡರು, ಅವನಿಗಾಗಿ ಸಭೆ ಕಟ್ಟಿದರು. ಕ್ಲಾರ್ಕ್‌ನ ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ ಆಸ್ತಿಯ ದಾವೆ ಕುಸಿಯಿತು. ಆಮೇಲೆ ಸುಳ್ಳುಸಾಕ್ಷ್ಯದ ವಿಚಾರಣೆ 188 ದಿನ ನಡೆದು, 1874ರಲ್ಲಿ ಹದಿನಾಲ್ಕು ವರ್ಷ ಶಿಕ್ಷೆಯಾಯಿತು. ಅಷ್ಟಾದರೂ ಅವನ ವಕೀಲ ಕೆನೀಲಿಯನ್ನು ಮತದಾರರು ಸಂಸತ್ತಿಗೇ ಆರಿಸಿ ಕಳಿಸಿದರು. ಮರುತನಿಖೆ ಬೇಕೆಂದು ಅವನು ಮಂಡಿಸಿದ ಗೊತ್ತುವಳಿಯ ವಿರುದ್ಧ ಬಿದ್ದ ಮತ 433. ಪರವಾಗಿ ಒಂದು. ಆ ಒಬ್ಬ ಸದಸ್ಯ ಯಾವ ಮಾಸಪತ್ರಿಕೆಗೆ ಚಂದಾದಾರನಾಗಿದ್ದನೋ!

ಇತ್ತ ಮೆಲ್ಬರ್ನ್‌ನಲ್ಲಿ, ಅದೇ ಜರ್ನಲ್‌ಗೆ 1868ರಿಂದ ನಲವತ್ತು ವರ್ಷ ಪತ್ತೇದಾರಿ ಕತೆ ಬರೆದವಳು ಮೇರಿ ಫಾರ್ಚೂನ್. ಐನೂರಕ್ಕೂ ಹೆಚ್ಚು ಕತೆ. ಚಿನ್ನದ ಗಣಿಗಳ ಊರುಗಳನ್ನು ಕಣ್ಣಾರೆ ಕಂಡವಳು, ಪೊಲೀಸನನ್ನೇ ಮದುವೆಯಾದವಳು. ಪುಟದಲ್ಲಿ ಮಾತ್ರ ‘ಡಬ್ಲ್ಯು. ಡಬ್ಲ್ಯು.’ ಎಂಬ ಎರಡಕ್ಷರ. ಅವಳ ಪೂರ್ತಿ ಹೆಸರು ಅಚ್ಚಾಗಿದ್ದು 1874ರಲ್ಲಿ, ಪೊಲೀಸ್ ಗೆಜೆಟ್ಟಿನಲ್ಲಿ: ಒಂದು ಮೊಕದ್ದಮೆಯ ಸಾಕ್ಷಿಯಾಗಿ ಬೇಕಾಗಿದ್ದಾಳೆ, ಎತ್ತರದ ತೆಳು ಮೈಕಟ್ಟು, ಕಪ್ಪು ಟೋಪಿ, ಹಳೆಯ ಬೂಟು. ನಾಲ್ಕು ದಶಕ ಪತ್ತೇದಾರರ ಬಾಯಲ್ಲಿ ಮಾತಾಡಿಸಿದವಳ ಬಗ್ಗೆ ಇಲಾಖೆಗೆ ಹೊಳೆದ ಸುಳಿವೆಂದರೆ ಬೂಟು!

ಕಟುಕನ ಅದೃಷ್ಟವೇ ಬೇರೆ. ಜೈಲಿನಿಂದ ಬಿಡುಗಡೆಯಾಗಿ ರಂಗಮಂದಿರಗಳಲ್ಲಿ ತನ್ನನ್ನೇ ಪ್ರದರ್ಶನಕ್ಕಿಟ್ಟ. 1895ರಲ್ಲಿ ದುಡ್ಡಿಗಾಗಿ ಪತ್ರಿಕೆಯೊಂದಕ್ಕೆ ತಪ್ಪೊಪ್ಪಿಗೆ ಮಾರಿದ, ಆಮೇಲೆ ಅದನ್ನೂ ಸುಳ್ಳೆಂದ. ಸತ್ತದ್ದು 1898ರ ಏಪ್ರಿಲ್ 1ರಂದು. ಶವಪೆಟ್ಟಿಗೆಯ ಮೇಲೆ ‘ಸರ್ ರೋಜರ್ ಚಾರ್ಲ್ಸ್ ಡೌಟಿ ಟಿಚ್‌ಬೋರ್ನ್’ ಎಂದು ಬರೆಯಲು ಆ ಮನೆತನದವರೇ ಒಪ್ಪಿಗೆ ಕೊಟ್ಟರು.